ಹೊಸ ಕಡತಗಳ ಕಾವಲು

ಕೆರೆಯ ತೂಬಿನ ಬಳಿ ನೀರಗಂಟಿಯಿರುವಾಗ, ನೀರು ಬಿಟ್ಟರೇ ಎಂದು ರೈತನು ಗಳಿಗೆಗೊಮ್ಮೆ ಓಡಿ ನೋಡಬೇಕಾದುದಿಲ್ಲ. ಹವಾಮಾನದ ಮುನ್ಸೂಚನೆ, ಕೀಟಬಾಧೆಯ ವರದಿ, ಪೇಟೆಯ ಧಾರಣೆ ಮುಂತಾದುವು ಬಂದು ಸೇರುವ ಗಣಕಯಂತ್ರದ ಡೈರೆಕ್ಟರಿಗೂ ಇಂತಹ ಕಾವಲುಗಾರನು ಅವಶ್ಯವು. ಮೂರು ದಿನ ಯಾರೂ ನೋಡದೆ ಬಿದ್ದಿದ್ದ ಕೀಟದ ವರದಿಯಿಂದ ಬೆಳೆಗೆ ಯಾವ ಪ್ರಯೋಜನವೂ ಇಲ್ಲ.

ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕಾವಲು ಹೊಸದಲ್ಲ. 2005ನೆಯ ಇಸವಿಯಲ್ಲಿ ಹೊರಬಂದ 2.6.13ನೆಯ ಕರ್ನೆಲ್ಲಿನಿಂದಲೂ ಐನೋಟಿಫೈ ಎಂಬ ಏರ್ಪಾಡು ಅದರೊಳಗೇ ಇರುವುದು. ಐನೋಟಿಫೈವೇಟ್ ಎಂಬ ಉಪಕರಣವು ಅದರಿಂದ ಸುದ್ದಿಯನ್ನು ಪಡೆದು ಕೊಡಲು, ನಾಲ್ಕಾರು ಸಾಲಿನ ಸ್ಕ್ರಿಪ್ಟೊಂದು ಅದನ್ನು ಈಮೇಲಿನಲ್ಲಿ ಕಳುಹಿಸಬಲ್ಲುದು.

ಆದರೆ ಅನೇಕರು ಇಲ್ಲಿ ಒಂದು ತಪ್ಪನ್ನು ಮಾಡುವರು. ಕಡತವು ಹುಟ್ಟಿದೊಡನೆಯೇ, ಅಂದರೆ ‘ಕ್ರಿಯೇಟ್’ ಎಂಬ ಸೂಚನೆಯ ಮೇಲೆಯೇ, ಅದನ್ನು ರವಾನಿಸಿದರೆ ಅರ್ಧ ಬರೆದ ವರದಿಯು ಕೈಸೇರೀತು. ಹಾಲು ತುಂಬಿದ ತೆನೆಯನ್ನೇ ಕೊಯ್ದಂತಾಗುವುದು. ಬರೆದು ಮುಗಿದುದನ್ನು ತಿಳಿಸುವ ‘ಕ್ಲೋಸ್ ರೈಟ್’, ಬೇರೆಡೆಯಿಂದ ತಂದಿಟ್ಟುದನ್ನು ತಿಳಿಸುವ ‘ಮೂವ್ಡ್ ಟು’ ಎಂಬ ಸೂಚನೆಗಳಿಗಾಗಿ ಕಾಯುವುದೇ ಯುಕ್ತವು.

ಕಾವಲುಗಾರನೊಬ್ಬನನ್ನೇ ನಂಬುವುದೂ ಸರಿಯಲ್ಲ. ಕಾವಲು ನಿಂತಿದ್ದಾಗ ಬಂದ ಕಡತವನ್ನು ಐನೋಟಿಫೈ ಆಮೇಲೆ ತಿಳಿಸದು. ಎನ್‌ಎಫ್‌ಎಸ್ ಮೂಲಕ ಜೋಡಿಸಿದ ಡೈರೆಕ್ಟರಿಯಲ್ಲಿ ಬೇರೆ ಯಂತ್ರವು ಇಟ್ಟುದನ್ನೂ ಅದು ಕಾಣದು. ಆದಕಾರಣ ಗಂಟೆಗೊಮ್ಮೆ ಕ್ರಾನ್ ಮೂಲಕ ಪಟ್ಟಿಯನ್ನು ತಾಳೆ ನೋಡಿಸತಕ್ಕದ್ದು.

ಇಂತಹ ಯಂತ್ರವನ್ನಿಟ್ಟುಕೊಂಡಿರುವ ಗ್ರಾಮದ ಮುಖಂಡರೂ ಜಮೀನುದಾರರೂ ಇನ್ನೊಂದನ್ನು ಗಮನಿಸಬೇಕು. ಕಡತಕ್ಕೊಂದರಂತೆ ಪತ್ರಗಳನ್ನು ಸುರಿಸದೆ, ತುರ್ತಾದುದನ್ನು ಮಾತ್ರ ಕೂಡಲೆ ತಿಳಿಸಿ, ಉಳಿದುದನ್ನು ದಿನಕ್ಕೊಂದು ಪಟ್ಟಿಯಾಗಿ ಕಳುಹಿಸುವುದು ಲೇಸು. ಸದಾ ಕೂಗುವ ಕಾವಲುಗಾರನ ಕೂಗಿಗೆ ಊರು ಏಳುವುದಿಲ್ಲ.