ವಾರಂಟ್ ಬಂತು ಅಂತ ಓಡಬೇಡ್ರೋ!



ಸಿನಿಮಾದಲ್ಲಿ ವಾರಂಟ್ ಅಂದ್ರೆ ನಿಮಗೆ ಗೊತ್ತೇ ಇದೆ. ಜೀಪು ಬಂದು ಗಕ್ಕನೆ ನಿಲ್ಲುತ್ತೆ. ಇನ್ಸ್‌ಪೆಕ್ಟರ್ ಮಡಿಸಿದ ಕಾಗದ ತೋರಿಸ್ತಾನೆ. ಹೀರೋ ಕೈಗೆ ಬೇಡಿ! ಆ ಕಾಗದದಲ್ಲಿ ಏನು ಬರೆದಿದೆ ಅಂತ ಒಬ್ಬ ಹೀರೋನೂ ಓದಿದ್ದನ್ನು ನಾನು ಕಂಡಿಲ್ಲ.

ಹೊಸನಗರದ ನನ್ನ ಗೆಳೆಯನೂ ಓದಲಿಲ್ಲ. ಚೆಕ್ ಬೌನ್ಸ್ ಕೇಸು. ಸಮನ್ಸ್ ಬಂದರೂ ವಾಯಿದೆಗೆ ಹೋಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪೇದೆ ವಾರಂಟ್ ಹಿಡಿದು ಬಂದ. ಇವನು ಹಿತ್ತಿಲಿಂದ ಅಡಿಕೆ ತೋಟಕ್ಕೆ ಹಾರಿ, ತೀರ್ಥಹಳ್ಳಿ ಬಸ್ಸು ಹತ್ತಿ, ಮಾವನ ಮನೆ ಸೇರಿದ. ಹದಿನೈದು ದಿನ ಸುದ್ದಿಯಿಲ್ಲ. ಅವನ ಅಪ್ಪಯ್ಯ ಊಟ ಬಿಟ್ಟು ಕೂತರು.

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ವಕೀಲರು ಸಿಕ್ಕಾಗ ವಿಷಯ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ಮಾರಾಯ, ಅದು ಜಾಮೀನು ವಾರಂಟು! ಅದರಲ್ಲಿ ಬರೆದ ಮೊತ್ತಕ್ಕೆ ಮುಚ್ಚಳಿಕೆ ಕೊಟ್ಟು, ಜಾಮೀನುದಾರನನ್ನ ತೋರಿಸಿದ್ರೆ ಪೇದೆ ಬಿಟ್ಟು ಹೋಗ್ತಿದ್ದ. ಓಡಿದ್ದಕ್ಕೆ ಈಗ ಜಾಮೀನುರಹಿತ ವಾರಂಟ್ ಬರುತ್ತೆ ನೋಡು."

ಬಂತು ಕೂಡ!

"ಸಾರ್, ಇದು ಚಿಲ್ಲರೆ ಕೇಸು. ಇ.ಡಿ.ಯವರ ಕೋಟಿ ಕೋಟಿ ಕೇಸಿನಲ್ಲಿ ಇದೆಲ್ಲ ನಡೆಯುತ್ತಾ?" ಅಂದೆ. ಅವರು ನಕ್ಕು, "ನಿಮ್ಮ ರಕ್ಕಮ್ಮನ್ನೇ ಕೇಳು" ಅಂದರು.

ಹೌದಲ್ಲ! 'ವಿಕ್ರಾಂತ್ ರೋಣ' ಬಿಡುಗಡೆಯಾಗಿದ್ದು 2022ರ ಜುಲೈ 28ಕ್ಕೆ. ನಾವಿಲ್ಲಿ ಶಿಳ್ಳೆ ಹೊಡೆಯುತ್ತಿದ್ದರೆ, ಮರು ತಿಂಗಳೇ ಇ.ಡಿ. ಜಾಕ್ವೆಲಿನ್ ಫರ್ನಾಂಡಿಸ್ ಅವರನ್ನು 200 ಕೋಟಿ ರೂಪಾಯಿ ಪ್ರಕರಣದಲ್ಲಿ ಆರೋಪಿ ಎಂದು ಹೆಸರಿಸಿತು. ತಪ್ಪು ಮಾಡಿಲ್ಲ ಅಂತ ಆಕೆ ಹೇಳುತ್ತಲೇ ಬಂದಿದ್ದಾರೆ. ತನಿಖೆಯಲ್ಲಿ ಆಕೆಯ ಬಂಧನ ಆಗಿರಲಿಲ್ಲ. ಸಮನ್ಸ್ ಬಂತು, ದೆಹಲಿ ಕೋರ್ಟಿಗೆ ಹಾಜರಾದರು. ಇ.ಡಿ. ವಿರೋಧಿಸಿದರೂ ನವೆಂಬರ್ 15ಕ್ಕೆ ಜಾಮೀನು ಸಿಕ್ಕಿತು.

ಆದರೆ ಎಲ್ಲರಿಗೂ ಅಷ್ಟು ಸಲೀಸಲ್ಲ. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 45ನೇ ಸೆಕ್ಷನ್ ಬಹಳ ಬಿಗಿ. ಆರೋಪಿ ತಪ್ಪಿತಸ್ಥನಲ್ಲ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲಾರ ಅಂತ ಎರಡೂ ಕೋರ್ಟಿಗೆ ಅನಿಸಬೇಕು. ವಿಚಾರಣೆಗೆ ಮುಂಚೆಯೇ ಇದನ್ನು ತೋರಿಸೋದು ಹೇಗೆ ಸ್ವಾಮಿ?

ಅದಕ್ಕೇ 2024ರ ಮೇ 16ರಂದು ತರ್ಸೇಮ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ದೊಡ್ಡದು. ನ್ಯಾಯಮೂರ್ತಿಗಳಾದ ಅಭಯ್ ಓಕಾ, ಉಜ್ಜಲ್ ಭುಯಾನ್ ಮೆಟ್ಟಿಲು ಮೆಟ್ಟಿಲಾಗಿ ಹೇಳಿದರು. ದೂರು ಸಲ್ಲಿಸುವವರೆಗೆ ಬಂಧಿಸದವನಿಗೆ ಕೋರ್ಟು ಮೊದಲು ಸಮನ್ಸ್ ಕಳಿಸಬೇಕು, ವಾರಂಟ್ ಅಲ್ಲ. ಹಾಜರಾದರೆ ಅವನು ಬಂಧನದಲ್ಲಿದ್ದಾನೆ ಅಂತ ನೋಡುವಂತಿಲ್ಲ. ಮುಚ್ಚಳಿಕೆ ಬರೆಸಿಕೊಳ್ಳಬಹುದು, ಅದಕ್ಕೆ 45ನೇ ಸೆಕ್ಷನ್ನಿನ ಕಟ್ಟು ಇಲ್ಲ. ಬರದಿದ್ದರೆ ಮೊದಲು ಜಾಮೀನು ವಾರಂಟ್. ಅದೂ ಸಾಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್. ಇನ್ನು ಕೋರ್ಟು ದೂರನ್ನು ಪರಿಗಣಿಸಿದ ಮೇಲೆ ಇ.ಡಿ. ತಾನೇ ಬಂಧಿಸುವಂತಿಲ್ಲ. ಕಸ್ಟಡಿ ಬೇಕಿದ್ದರೆ ಕೋರ್ಟನ್ನೇ ಕೇಳಬೇಕು.

ಕಳ್ಳದುಡ್ಡಿನವರಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಕೇಳ್ತೀರಾ? ನಾನೂ ಕೇಳಿದೆ. ವಕೀಲರು ಹೇಳಿದರು: "ಕಳ್ಳ ಹೌದೋ ಅಲ್ಲವೋ ಅಂತ ತೀರ್ಮಾನ ಆಗೋದು ಕೊನೇ ರೀಲಿನಲ್ಲಿ ಕಣಯ್ಯ. ವಾರಂಟ್ ಇರೋದು ಆರೋಪಿಯನ್ನ ಕೋರ್ಟಿಗೆ ಕರೆಸೋಕೆ, ಶಿಕ್ಷೆ ಕೊಡೋಕಲ್ಲ."

ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನ ತಲೆಗೂ ಅದು ಹೊಕ್ಕಿತು. ಮರುದಿನವೇ ತೀರ್ಥಹಳ್ಳಿಗೆ ಹೋದೆ. ಗೆಳೆಯನನ್ನು ಎಬ್ಬಿಸಿಕೊಂಡು ಬಂದು ವಕೀಲರ ಜೊತೆ ಕೋರ್ಟಿಗೆ ಹಾಜರುಪಡಿಸಿದೆವು. ಬೈಗುಳ ತಿಂದ, ದಂಡ ಕಟ್ಟಿದ, ವಾರಂಟ್ ರದ್ದಾಯಿತು. ಅಂದು ರಾತ್ರಿ ಅವನ ಅಪ್ಪಯ್ಯ ಹೊಟ್ಟೆ ತುಂಬ ಉಂಡರು.

ಹಾಗಾಗಿ ಗೆಳೆಯರೇ, ಕಾಗದ ಬಂದರೆ ಮೊದಲು ಓದಿ, ಇಲ್ಲವೇ ಓದಿಸಿ. ಓಡೋದು ಹೀರೋಗೆ ಬಿಡಿ, ಅವನಿಗೆ ಡೂಪ್ ಇರ್ತಾನೆ!

ಮುಂದಿನ ವಾರ ಮತ್ತೆ ಸಿಗೋಣ.