ನಿಘಂಟಿನ ಬೀಗದಕೈ ಯಾರಿಗೆ?

ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಲಿಪಿಕಾರನ ತಪ್ಪುಗಳನ್ನು ಎಣಿಸುತ್ತೇವೆ. ಅವನು ಪ್ರತಿ ಮಾಡದಿದ್ದರೆ ಓಲೆಯೊಡನೆ ಕಾವ್ಯವೂ ಹುಳುವಿನ ಪಾಲಾಗುತ್ತಿತ್ತೆಂಬುದನ್ನು ಮರೆಯುತ್ತೇವೆ. ಕೃತಿಯೊಂದು ಉಳಿಯುವುದು ಕರ್ತೃವಿನಿಂದ ಮಾತ್ರವಲ್ಲ, ಪಾಲಕರಿಂದಲೂ. ಕಿಟ್ಟೆಲರ ನಿಘಂಟು ಅಚ್ಚಾದುದು 1894ರಲ್ಲಿ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದ್ರಾಸು ವಿಶ್ವವಿದ್ಯಾನಿಲಯವು ಹೊರತರತೊಡಗಿದುದು 1968ರಲ್ಲಿ. ಪಾಲಕನೊಬ್ಬನಿಗಾಗಿ ಆ ಕೃತಿ ಏಳು ದಶಕಗಳಿಗೂ ಮೀರಿ ಕಾಯಬೇಕಾಯಿತು.

ಇಂದಿನ ನಿಘಂಟು ಗಣಕದಲ್ಲಿದೆ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಶ್ರಮಿಸಿ ರಚಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆಯಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳಿವೆ. ಇಂಥ ಒಬ್ಬರ ದುಡಿಮೆಯ ಮೇಲೆಯೇ ಅನೇಕ ಮುಕ್ತ ತಂತ್ರಾಂಶಗಳೂ ನಿಂತಿವೆ. ಅವರು ದಣಿದಾಗ ಬೀಗದಕೈಯನ್ನು ಯಾರಿಗೆ ಕೊಡಬೇಕು?

ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಬಹುಕಾಲ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ತಿದ್ದುಪಡಿಗಳು ಬರತೊಡಗಿದವು. ಮರುವರ್ಷ ಬೇರೆ ಬೇರೆ ಹೆಸರುಗಳಿಂದ, ಹೊಸಬರಿಗೆ ಹೊಣೆ ವಹಿಸಬೇಕೆಂಬ ಒತ್ತಾಯವೂ ಬಂದಿತು. ಹೊಣೆ ಪಡೆದ ಅದೇ ಕೈ 2024ರಲ್ಲಿ ತಂತ್ರಾಂಶದೊಳಗೆ ಗುಟ್ಟಿನ ಹಿಂಬಾಗಿಲನ್ನಿಟ್ಟಿತು. ಸುಮಾರು ಅರ್ಧ ಸೆಕೆಂಡಿನ ವಿಳಂಬವನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿದ್ದರಿಂದ ಮೋಸ ಬಯಲಾಯಿತು.

ಇದರಿಂದ ಹೊಸಬರನ್ನು ನಂಬಲೇಬಾರದೆಂದು ಕಲಿತರೆ ತಪ್ಪಾದೀತು. ಹಾಗಾದರೆ ಹಳಬರೊಡನೆ ಕೃತಿಯೂ ಅಳಿಯುತ್ತದೆ. ವರ್ಷಗಳ ಒಳ್ಳೆಯ ಕೆಲಸವೊಂದೇ ಜಾಮೀನಲ್ಲ ಎಂಬುದೇ ಇಲ್ಲಿನ ಪಾಠ. ಗ್ರಂಥಸಂಪಾದಕನು ಯಾವ ಪ್ರತಿಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಹಾಗೆಂದು ಎಸೆಯುವುದೂ ಇಲ್ಲ. ಹೋಲಿಸುತ್ತಾನೆ, ಪಾಠಾಂತರಗಳನ್ನು ದಾಖಲಿಸುತ್ತಾನೆ. ಪಾಲಕರೂ ಹಾಗೆಯೇ ಇರಬೇಕು: ಹೊಣೆ ಇಬ್ಬರು ಮೂವರಲ್ಲಿರಲಿ, ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ಓದಲಿ, ದಾಖಲೆ ಬಹಿರಂಗವಾಗಿರಲಿ. ಎಲ್ಲಕ್ಕಿಂತ ಮೊದಲು, ಒಬ್ಬರನ್ನೇ ದಣಿಯಲು ಬಿಡದಿರೋಣ. ದಣಿದವನಿಗೆ ಪರೀಕ್ಷಿಸುವ ತ್ರಾಣವೆಲ್ಲಿ?

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. 1953ರಲ್ಲಿ ಆದವಾನಿ ತಾಲ್ಲೂಕು ಆಂಧ್ರಕ್ಕೆ ಸೇರಿತು. ಅಂದಿನಿಂದ ಕೋಸಗಿಯ ಕನ್ನಡ ತೆಲುಗಿನ ರಾಜ್ಯದಲ್ಲಿ ಬಾಳುತ್ತಿದೆ. ಇಲ್ಲಿನ ಮನೆಮಾತಿನ ಪದಕ್ಕೆ ಅರ್ಥ ಹೇಳಬಲ್ಲವರು ಇಲ್ಲಿಯವರೇ. ಕನ್ನಡ ವಿಕ್ಷನರಿಯು ಎಲ್ಲರ ತಿದ್ದುಪಡಿಗೂ ತೆರೆದಿದೆ. ಪ್ರತಿ ಬದಲಾವಣೆಯೂ ಅಲ್ಲಿ ದಾಖಲಾಗುತ್ತದೆ. ಈ ವರ್ಷ ತಲಾ ಹತ್ತು ಪದಗಳನ್ನು, ಆಡುವ ಊರು ಮತ್ತು ಬಳಕೆಯ ವಾಕ್ಯದೊಡನೆ ಸಂಗ್ರಹಿಸಿರಿ. ಸಹಪಾಠಿಯಿಂದ ಪರಿಶೀಲಿಸಿ ಸೇರಿಸಿರಿ. ನಾಳೆ ಬೀಗದಕೈ ಹಿಡಿಯಬೇಕಾದವರು ಇಂದು ಈ ಸಣ್ಣ ಕೆಲಸದಿಂದಲೇ ಆರಂಭಿಸಬೇಕು.