ವಿದ್ಯುತ್ ಸ್ಕೂಟರಿಗೆ ಒರೆಗಲ್ಲು ಯಾವುದು?

ಹೊಸೂರು ಇಂದು ವಿದ್ಯುತ್ ಸ್ಕೂಟರುಗಳ ತವರು. ಟಿ.ವಿ.ಎಸ್. ಐಕ್ಯೂಬ್, ಏಥರ್ ವಾಹನಗಳು ಸಿದ್ಧಗೊಳ್ಳುವುದು ಇಲ್ಲಿಯೇ. ಆದರೆ ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ದುಡಿಮೆಗಾರರಿಗೆ ಅದು ತಕ್ಕ ವಾಹನವೇ ಎಂಬುದನ್ನು ಜಾಹೀರಾತು ತೀರ್ಮಾನಿಸಲಾರದು.

ಲೆಕ್ಕವೇನೋ ಸರಳ. ಲೀಟರಿಗೆ 50 ಕಿ.ಮೀ. ಓಡುವ ಪೆಟ್ರೋಲ್ ಸ್ಕೂಟರಿಗೆ, ಲೀಟರಿನ ಬೆಲೆ 100 ರೂಪಾಯಿ ಎಂದುಕೊಂಡರೆ, ಕಿಲೋಮೀಟರಿಗೆ 2 ರೂಪಾಯಿ ತಗಲುತ್ತದೆ. ಯೂನಿಟ್ಟಿಗೆ 6 ರೂಪಾಯಿಯಂತೆ, ಒಂದು ಯೂನಿಟ್ಟಿನಲ್ಲಿ 30 ಕಿ.ಮೀ. ಸಾಗುವ ವಿದ್ಯುತ್ ಸ್ಕೂಟರಿಗೆ ಸಾಲುವುದು 20 ಪೈಸೆ. ದಿನಕ್ಕೆ 50 ಕಿ.ಮೀ. ಓಡಾಡಿದರೆ 90 ರೂಪಾಯಿ ಉಳಿಯುತ್ತದೆ.

ಈ ಉಳಿತಾಯ ಯಾರ ಪಾಲಿಗೆ? ಸ್ವಂತ ಮನೆಯ ಅಂಗಳದಲ್ಲಿ ಪ್ಲಗ್ ಉಳ್ಳವರ ಪಾಲಿಗೆ. ಮೂರನೆಯ ಮಹಡಿಯ ಬಾಡಿಗೆದಾರರು ಬ್ಯಾಟರಿ ಕಳಚಲಾಗದ ಸ್ಕೂಟರನ್ನು ಕೊಂಡರೆ, ಅವರ ರಾತ್ರಿಗಳು ಮನೆಯೊಡೆಯರ ಕೃಪೆಯನ್ನು ಕಾಯುತ್ತವೆ. ಉಳಿತಾಯದ ಅಗತ್ಯ ಹೆಚ್ಚಾಗಿರುವುದು ಮಾತ್ರ ಅವರಿಗೇ.

ಕೇಂದ್ರದ ಫೇಮ್-2 ಯೋಜನೆಯ ಹಣದ ಬಹುಭಾಗ ವಾಹನದ ಬೆಲೆ ಇಳಿಸುವುದಕ್ಕೇ ಸಂದಿತು. 2023ರ ಜೂನ್‌ನಲ್ಲಿ ಆ ಸಹಾಯಧನದ ಮಿತಿಯೂ ಬೆಲೆಯ ಶೇ. 40ರಿಂದ ಶೇ. 15ಕ್ಕೆ ಇಳಿಯಿತು. ಬೆಲೆಯಿಳಿಕೆ ಒಮ್ಮೆ ಒಬ್ಬರಿಗೆ ದಕ್ಕುವಂಥದು. ಬಾಡಿಗೆ ವಠಾರದಲ್ಲಿ ಮೀಟರು ಸಹಿತ ಹಾಕಿಸಿದ ಪ್ಲಗ್ ಬರುವ ಬಾಡಿಗೆದಾರರಿಗೆಲ್ಲ ಒದಗುವಂಥದು. ನೆರವು ಸಲ್ಲಬೇಕಾದುದು ಅಲ್ಲಿಗೆ.

ಕೊಳ್ಳುವವರೂ ವೇಗವನ್ನು ವಿಚಾರಿಸುವ ಮುನ್ನ, ರಾತ್ರಿ ಗಾಡಿ ನಿಲ್ಲುವೆಡೆ ಪ್ಲಗ್ ಉಂಟೇ ಎಂಬುದನ್ನು ವಿಚಾರಿಸಿಕೊಳ್ಳಲಿ. ಒರೆಗಲ್ಲು ಇರುವುದು ಮಳಿಗೆಯಲ್ಲಲ್ಲ, ಮನೆಯ ಬಾಗಿಲಲ್ಲಿ.